ಗೂಡು ತೊರೆದ ಕೊಕ್ಕರೆಗಳು: ಎವರ್‌ಗ್ಲೇಡ್ಸ್ ಜವುಗಿನಲ್ಲಿ ನೀರಿನ ದೋಷ ಹುಡುಕುವ ಬಗೆ

ತೊಂದರೆ ಕಾಣಿಸುವುದು ಹೀಗೆ

ದಕ್ಷಿಣ ಫ್ಲೋರಿಡಾದ ಎವರ್‌ಗ್ಲೇಡ್ಸ್ ಜವುಗಿನ ಮೇಲೆ ಮಾರ್ಚ್ ತಿಂಗಳಲ್ಲಿ ವಿಮಾನದಿಂದ ಗೂಡೆಣಿಕೆ ನಡೆಯುತ್ತದೆ. ಮರದ ದಿಬ್ಬಗಳ ಮೇಲೆ ಸಾವಿರಾರು ಬಿಳಿ ಚುಕ್ಕೆಗಳು, ಎಲ್ಲವೂ ಕಾವಿಗೆ ಕೂತ ಹಕ್ಕಿಗಳು. ಮುಂದಿನ ಎಣಿಕೆಗೆ ಅದೇ ದಿಬ್ಬದ ಮೇಲೆ ಹಾರಿದರೆ ಗೂಡುಗಳಿವೆ, ಹಕ್ಕಿಗಳಿಲ್ಲ. ಮರ ಉರುಳಿಲ್ಲ, ಬೆಂಕಿ ಬಿದ್ದಿಲ್ಲ, ಬೇಟೆಗಾರರು ಬಂದಿಲ್ಲ. ದಿಬ್ಬದ ಸುತ್ತ ನೀರು ಧಾರಾಳವಾಗಿದೆ.

ನೀರಿರುವುದನ್ನು ನೋಡಿ ಬಹಳ ಜನ ನೀರಿನ ಮೇಲಿನ ಅನುಮಾನವನ್ನು ಅಲ್ಲೇ ಕೈಬಿಡುತ್ತಾರೆ. ಅಲ್ಲಿಂದ ಮುಂದೆ ಹುಡುಕಾಟ ರೋಗ, ಹಾವು, ಗಾಳಿ ಎಂದು ಅಲೆಯುತ್ತದೆ. ನೀರಿನಲ್ಲಿ ನಿಂತು ಬೇಟೆಯಾಡುವ ಈ ಉದ್ದಗಾಲಿನ ಹಕ್ಕಿಗಳ ವಿಷಯದಲ್ಲಿ ಮೊದಲು ಕೇಳಬೇಕಾದದ್ದು ಮೂರು ಪ್ರಶ್ನೆ. ನೀರು ಏರುತ್ತಿತ್ತೋ ಇಳಿಯುತ್ತಿತ್ತೋ? ಎಷ್ಟು ವೇಗದಲ್ಲಿ? ಗೂಡಿನಲ್ಲಿ ಮೊಟ್ಟೆಯಿದ್ದಾಗಲೋ ಮರಿಯಿದ್ದಾಗಲೋ? ಎಷ್ಟು ನೀರಿತ್ತು ಎಂಬುದು ಆಮೇಲಿನ ಮಾತು.

ಎಲ್ಲ ಸರಿಯಿದ್ದಾಗ ಜವುಗು ನಡೆಯುವ ರೀತಿ

ದೋಷ ಹಿಡಿಯಬೇಕಾದರೆ ಸರಿಯಾದ ನಡೆ ಮೊದಲು ಗೊತ್ತಿರಬೇಕು. ಇಲ್ಲಿ ಮಳೆಗಾಲ ಮೇ ಕೊನೆಯಿಂದ ಅಕ್ಟೋಬರ್‌ವರೆಗೆ. ವರ್ಷದ ಮಳೆಯ ಸುಮಾರು ಮುಕ್ಕಾಲು ಭಾಗ ಆಗಲೇ ಬೀಳುತ್ತದೆ. ನೆಲದ ಇಳಿಜಾರು ಕಿಲೋಮೀಟರಿಗೆ 3 ಸೆಂ.ಮೀ. ಆಸುಪಾಸು. ಹಾಗಾಗಿ ಓಕೀಚೋಬಿ ಸರೋವರದ ಕಡೆಯಿಂದ ದಕ್ಷಿಣದ ಕೊಲ್ಲಿಯತ್ತ ನೀರು ಹಾಸಿದಂತೆ ನಿಧಾನವಾಗಿ ಸರಿಯುತ್ತದೆ. ಆ ತಿಂಗಳುಗಳಲ್ಲಿ ಮೀನು, ಕ್ರೇಫಿಶ್ ಎಂಬ ಸಿಹಿನೀರಿನ ಚಿಪ್ಪುಜೀವಿ, ಸೀಗಡಿ ಎಲ್ಲವೂ ವಿಶಾಲ ಬಯಲಿನಲ್ಲಿ ಹರಡಿಕೊಂಡು ಬೆಳೆಯುತ್ತವೆ.

ನವೆಂಬರ್‌ನಿಂದ ಒಣ ಋತು. ಎತ್ತರದ ಅಂಚಿನ ಜವುಗು ಮೊದಲು ಬತ್ತುತ್ತದೆ, ತಗ್ಗಿನದು ಕೊನೆಗೆ. ನೀರು ಹಿಂದೆ ಸರಿದಂತೆ ಮೀನುಗಳು ಉಳಿದ ಗುಂಡಿಗಳಿಗೆ ಬಂದು ಸೇರುತ್ತವೆ. ಬೇಸಿಗೆಯಲ್ಲಿ ನಮ್ಮೂರ ಕೆರೆ ಬತ್ತಿ, ಕೊನೆಯ ಗುಂಡಿಯಲ್ಲಿ ಮಕ್ಕಳು ಬರಿಗೈಯಲ್ಲಿ ಮೀನು ಹಿಡಿಯುವ ಹಾಗೆಯೇ ಇದು. ವ್ಯತ್ಯಾಸವೆಂದರೆ ಇಲ್ಲಿ ಆ ಕೊನೆಯ ಗುಂಡಿ ಒಂದೇ ಕಡೆ ನಿಲ್ಲದೆ, ಐದಾರು ತಿಂಗಳ ಕಾಲ ಬಯಲಿನುದ್ದಕ್ಕೂ ತಗ್ಗಿನ ಕಡೆಗೆ ಸರಿಯುತ್ತ ಹೋಗುತ್ತದೆ. ಹಕ್ಕಿಗಳು ಅದರ ಬೆನ್ನು ಹಿಡಿಯುತ್ತವೆ. ಮಟ್ಟ ದಿನಕ್ಕೆ ಕೆಲವೇ ಮಿಲಿಮೀಟರ್ ಇಳಿಯುತ್ತ, ತಡೆಯಿಲ್ಲದೆ ಸಾಗಿದರೆ ಊಟಕ್ಕೆ ಕೊರತೆಯಿಲ್ಲ.

ವುಡ್ ಸ್ಟಾರ್ಕ್ ಎಂಬ ಇಲ್ಲಿನ ಕೊಕ್ಕರೆಗೆ ಈ ಸಾಂದ್ರತೆ ಬೇಕೇ ಬೇಕು. ಅದು ಕಣ್ಣಿನಿಂದ ಬೇಟೆಯಾಡುವ ಹಕ್ಕಿಯಲ್ಲ. ಅರ್ಧ ತೆರೆದ ಕೊಕ್ಕನ್ನು ಕದಡಿದ ನೀರಿನಲ್ಲಿ ಇಳಿಬಿಟ್ಟು ನಡೆಯುತ್ತದೆ. ಮೀನು ತಾಗಿದ ಕೂಡಲೇ, ಸೆಕೆಂಡಿನ ನಲವತ್ತನೇ ಒಂದು ಭಾಗದಲ್ಲಿ, ಕೊಕ್ಕು ಮುಚ್ಚಿಕೊಳ್ಳುತ್ತದೆ. ಮೀನು ವಿರಳವಾದರೆ ದಿನವಿಡೀ ನಡೆದರೂ ತಾಗುವುದಿಲ್ಲ. ಒಂದು ಗೂಡಿನ ಸಂಸಾರಕ್ಕೆ ಋತುವಿಡೀ ಸುಮಾರು 200 ಕಿಲೋ ಮೀನು ಬೇಕೆಂದು 1960ರ ದಶಕದಲ್ಲೇ ಅಂದಾಜು ಮಾಡಿದ್ದಾರೆ. ಕೊಕ್ಕರೆ ಬೆಳ್ಳೂರಿನಲ್ಲಿ, ರಂಗನತಿಟ್ಟಿನಲ್ಲಿ ನಾವು ನೋಡುವ ಬಣ್ಣದ ಕೊಕ್ಕರೆ ಇದೇ ಮಿಕ್ಟೀರಿಯಾ ಕುಲದ್ದು. ಬೇಟೆಯ ಕ್ರಮವೂ ಅದೇ, ಕೊಕ್ಕು ತೆರೆದು ನೀರು ತಡಕುವುದು. ಬಣ್ಣದ ಕೊಕ್ಕರೆಯನ್ನು ಕೆರೆಯಂಚಿನಲ್ಲಿ ಗಮನಿಸಿದವರಿಗೆ ಮುಂದಿನ ಲೆಕ್ಕಾಚಾರ ಸುಲಭವಾಗಿ ಹಿಡಿತಕ್ಕೆ ಬರುತ್ತದೆ.

ಕಾವು ಹೆಚ್ಚುಕಡಿಮೆ ಒಂದು ತಿಂಗಳು. ಮರಿ ಗೂಡಿನಲ್ಲಿರುವುದು ಎರಡು ತಿಂಗಳು. ಹಾರಲು ಕಲಿತ ಮೇಲೂ ಕೆಲವು ವಾರ ತಂದೆತಾಯಿಯೇ ಉಣಿಸಬೇಕು. ಗೂಡು ಕಟ್ಟುವುದೂ ಸೇರಿ ಸುಮಾರು ನಾಲ್ಕು ತಿಂಗಳಾಯಿತು. ಮೇ ಕೊನೆಗೆ ಮಳೆ ಬಂದು ಮೀನು ಮತ್ತೆ ಚದುರುತ್ತದೆ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಜನವರಿ ಮುಗಿಯುವುದರೊಳಗೆ ಕಾವಿಗೆ ಕೂರದ ಕೊಕ್ಕರೆಗೆ ಸಮಯ ಸಾಲದು. ನನ್ನ ದೃಷ್ಟಿಯಲ್ಲಿ ಇಡೀ ತಪಾಸಣೆಯ ಬೆನ್ನೆಲುಬು ಈ ಹಿಂದೆಣಿಕೆ. ಗೂಡು ವಿಫಲವಾದ ವಾರವನ್ನು ಗುರುತಿಸಿ, ಅಲ್ಲಿಂದ ಹಿಂದಕ್ಕೆ ನಡೆಯಿರಿ.

ಮೊದಲು ಅಳತೆಯನ್ನೇ ಪರೀಕ್ಷಿಸಿ

ಜವುಗಿನ ಮಾಪಕ ಕೊಡುವುದು ಸಮುದ್ರಮಟ್ಟಕ್ಕೆ ಹೋಲಿಸಿದ ನೀರಿನ ಎತ್ತರ. ಹಕ್ಕಿಯ ಕಾಲಿಗೆ ಬೇಕಾದದ್ದು ಆಳ. ಎತ್ತರದಿಂದ ನೆಲಮಟ್ಟ ಕಳೆದರೆ ಆಳ ಸಿಗುತ್ತದೆ. ತಪ್ಪು ನುಸುಳುವುದು ಈ ಕಳೆಯುವಲ್ಲೇ. ಫ್ಲೋರಿಡಾದ ಹಳೆಯ ದಾಖಲೆಗಳು 1929ರ ಆಧಾರಮಟ್ಟದಲ್ಲಿವೆ (ಎತ್ತರ ಅಳೆಯಲು ಸೊನ್ನೆಯೆಂದು ಹಿಡಿದ ಮಟ್ಟ), ಹೊಸವು 1988ರದ್ದರಲ್ಲಿ. ಎವರ್‌ಗ್ಲೇಡ್ಸ್‌ನಲ್ಲಿ ಇವೆರಡರ ನಡುವಿನ ಅಂತರ ಸುಮಾರು ಒಂದೂವರೆ ಅಡಿ. ಒಂದು ಆಧಾರದ ನೀರಿನ ಎತ್ತರದಿಂದ ಇನ್ನೊಂದು ಆಧಾರದ ನೆಲಮಟ್ಟ ಕಳೆದರೆ ಒಣನೆಲ ಮೊಣಕಾಲು ನೀರಾಗಿ ಕಾಣುತ್ತದೆ.

ಮಾಪಕ ನಿಂತಿರುವ ಜಾಗವೂ ಮುಖ್ಯ. ಕಾಲುವೆಯ ಪಕ್ಕದ್ದು ಕಾಲುವೆಯ ಕತೆ ಹೇಳುತ್ತದೆ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಈಡನ್ ಜಾಲ ನೂರಾರು ಮಾಪಕಗಳನ್ನು ಜೋಡಿಸಿ, 400 ಮೀಟರ್ ಚೌಕಗಳಲ್ಲಿ ದಿನದಿನದ ಆಳ ಕೊಡುತ್ತದೆ. ಗೂಡಿನ ಮರದ ಕೆಳಗಿನ ಒಂದು ಚೌಕ ನೋಡಿ ನಿಲ್ಲಬೇಡಿ. ಕೊಕ್ಕರೆ ಬಿಸಿಗಾಳಿ ಹಿಡಿದು ಹತ್ತಾರು ಕಿಲೋಮೀಟರ್ ಹೋಗಿ ಮೇಯುತ್ತದೆ. ಇಲ್ಲಿನ ವನ್ಯಜೀವಿ ಇಲಾಖೆ ಅದರ ಮುಖ್ಯ ಮೇವಿನ ವಲಯವನ್ನು ಗೂಡಿನ ಸುತ್ತ 30 ಕಿ.ಮೀ. ದೂರದವರೆಗೆ ಹಿಡಿಯುತ್ತದೆ. ಆ ವಲಯದ ಚೌಕಗಳೆಲ್ಲ ಲೆಕ್ಕಕ್ಕೆ ಬರಬೇಕು.

ಎಣಿಕೆಯದ್ದೂ ಒಂದು ಎಚ್ಚರಿಕೆ. ಬಿಳಿ ಹಕ್ಕಿಗಳು ಮೇಲಿನಿಂದ ಕಾಣುತ್ತವೆ, ಎಲೆಯ ಕೆಳಗೆ ಕೂರುವ ಗಾಢಬಣ್ಣದ ಚಿಕ್ಕ ಬಕಗಳು ಕಾಣುವುದಿಲ್ಲ. ಅವು ಕಡಿಮೆಯಾಗಿವೆ ಎನ್ನುವ ಮೊದಲು ನೆಲದಿಂದ ನೋಡಿದ್ದಾರೆಯೇ ಎಂದು ಕೇಳಿ.

ಹಕ್ಕಿಗಳು ತಡವಾಗಿ ಕೂತವು, ಮರಿಗಳು ಜೂನ್‌ನಲ್ಲಿ ಸತ್ತವು

ಇದು ಹಳೆಯ ರೋಗ. ಹಿಂದೆ ಇಲ್ಲಿನ ಕೊಕ್ಕರೆಗಳು ನವೆಂಬರ್, ಡಿಸೆಂಬರ್‌ನಲ್ಲೇ ಕೂರುತ್ತಿದ್ದವು. 1970ರ ದಶಕದ ನಂತರ ಅದು ಜನವರಿ-ಮಾರ್ಚ್ ತಿಂಗಳುಗಳಿಗೆ ಜಾರಿತು. ಮಾರ್ಚ್‌ನಲ್ಲಿ ಮೊಟ್ಟೆಯಿಟ್ಟರೆ ಮಳೆ ಬರುವಾಗ ಮರಿ ಇನ್ನೂ ಗೂಡಿನಲ್ಲೇ ಇರುತ್ತದೆ. ಮೇವು ಚದುರುತ್ತದೆ, ದೊಡ್ಡ ಹಕ್ಕಿಗಳು ಹೊರಟುಹೋಗುತ್ತವೆ. ಮರಿ ಸತ್ತದ್ದು ಜೂನ್‌ನಲ್ಲಾದರೂ ದೋಷ ನವೆಂಬರ್‌ನದು. ಜೂನ್‌ನ ಮಳೆಯನ್ನು ದೂರಿ ಫಲವಿಲ್ಲ, ಅದು ತನ್ನ ಕಾಲಕ್ಕೆ ಬಂದಿದೆ.

ಹಾಗಾಗಿ ನವೆಂಬರ್ ಮತ್ತು ಡಿಸೆಂಬರ್‌ನ ಆಳದ ನಕ್ಷೆಗಳನ್ನು ತೆಗೆಯಿರಿ. ಆಗ ಕೊಕ್ಕರೆಗೆ ಮೇವು ಸಿಗಬೇಕಾದದ್ದು ಎತ್ತರದ, ಬೇಗ ಬತ್ತುವ ಅಂಚಿನ ಜವುಗಿನಲ್ಲಿ. ಅಲ್ಲಿ ಎರಡರಲ್ಲಿ ಒಂದು ಕಾಣುತ್ತದೆ, ಎರಡೂ ಒಂದಕ್ಕೊಂದು ತದ್ವಿರುದ್ಧ.

ಒಂದು, ಅಂಚಿನ ಜವುಗು ಆಗಲೇ ಒಣಗಿದೆ, ಅಥವಾ ಅಲ್ಲಿ ಜವುಗೇ ಉಳಿದಿಲ್ಲ. ಮೂಲ ಎವರ್‌ಗ್ಲೇಡ್ಸ್‌ನ ಸುಮಾರು ಅರ್ಧ ಭಾಗ ಹೊಲಗದ್ದೆ, ಊರುಗಳಾಗಿದೆ. ಬೇಗ ಬತ್ತುವ ಜಾಗ ಒಣನೆಲಕ್ಕೆ ಹತ್ತಿರವಾದ್ದರಿಂದ ಪಟ್ಟಣ ಬೆಳೆದಾಗ ಮೊದಲು ಹೋದದ್ದೂ ಅದೇ. ಹಕ್ಕಿಗಳ ಸಂರಕ್ಷಣೆಗೆ ದುಡಿಯುವ ಆಡುಬಾನ್ ಸಂಸ್ಥೆ ಕಾಪಾಡಿಕೊಂಡು ಬಂದಿರುವ ಕಾರ್ಕ್‌ಸ್ಕ್ರೂ ಸ್ವಾಂಪ್‌ನಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಒಂದು ಕಾಲಕ್ಕೆ ದೇಶದಲ್ಲೇ ಅತಿ ದೊಡ್ಡ ವುಡ್ ಸ್ಟಾರ್ಕ್ ಗೂಡುತಾಣ ಅದು. ಹಳೆಯ ಸೈಪ್ರೆಸ್ ಮರಗಳು ಇಂದಿಗೂ ಗಟ್ಟಿಯಾಗಿ ನಿಂತಿವೆ. ಆದರೆ ಒಣ ಋತುವಿನಲ್ಲಿ ಅಲ್ಲಿನ ನೀರು ಹಿಂದಿಗಿಂತ ಬೇಗ ಇಳಿಯುತ್ತದೆ, ಸುತ್ತಲಿನ ಮೇವಿನ ಬಯಲು ಕರಗಿದೆ. ಕೊಕ್ಕರೆಗಳು ಗೂಡೇ ಕಟ್ಟದ ವರ್ಷಗಳು ಸಾಲುಸಾಲಾಗಿ ಬಂದವು. ಗೂಡಿನ ಮರವನ್ನಷ್ಟೇ ಉಳಿಸಿದರೆ ಸಾಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಗೊತ್ತಿಲ್ಲ.

ಇನ್ನೊಂದು, ಮಳೆಗಾಲದ ನೀರು ಇಳಿಯುತ್ತಲೇ ಇಲ್ಲ. 1928ರಲ್ಲಿ ಮುಗಿದ ಟಮಿಯಾಮಿ ರಸ್ತೆ ಹರಿವಿಗೆ ಅಡ್ಡಲಾಗಿ ಒಂದು ಏರಿಯಂತೆ ನಿಂತಿತು. 1948ರಲ್ಲಿ ಮಂಜೂರಾದ ದೊಡ್ಡ ಯೋಜನೆ ಜವುಗಿನೊಳಗೆ ಏರಿ, ಕಾಲುವೆ, ಗೇಟುಗಳನ್ನು ಕಟ್ಟಿ ‘ಜಲ ಸಂರಕ್ಷಣಾ ಪ್ರದೇಶ’ಗಳೆಂಬ ಕಟ್ಟೆಗಳನ್ನು ಮಾಡಿತು. ಮೂರನೇ ಪ್ರದೇಶದ ಉತ್ತರ ತುದಿ ಅತಿಯಾಗಿ ಒಣಗುತ್ತದೆ. ಅದರ ದಕ್ಷಿಣ ತುದಿಯಲ್ಲಿ ರಸ್ತೆಯ ಏರಿಗೆ ಒತ್ತಿಕೊಂಡು ನೀರು ನಿಲ್ಲುತ್ತದೆ. ಒಂದೇ ಕಟ್ಟೆಯ ಎರಡು ತುದಿಗೆ ಎರಡು ರೋಗ. ಹಾಗಾಗಿ ಸರಾಸರಿ ಆಳ ನೋಡಿದರೆ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ಸರಾಸರಿಯನ್ನು ಬದಿಗಿಟ್ಟು ತುದಿಗಳನ್ನು ಬೇರೆಬೇರೆಯಾಗಿ ಓದಿ.

ಮಧ್ಯದಲ್ಲೇ ಒಂದು ವಾರದೊಳಗೆ ತಾಣ ಖಾಲಿಯಾಯಿತು

ಮೊಟ್ಟೆಗಳು ಒಡೆಯದೆ ತಣ್ಣಗೆ ಕೂತಿವೆ, ಅಥವಾ ಮರಿಗಳು ಗೂಡಿನಲ್ಲೇ ಸೊರಗಿ ಸತ್ತಿವೆ, ಅದೂ ನೂರಾರು ಗೂಡುಗಳಲ್ಲಿ ಏಕಕಾಲಕ್ಕೆ. ಇದು ಹೆಚ್ಚಾಗಿ ನೀರು ಮರಳಿ ಏರಿದ ಗುರುತು.

ಕರ್ನಾಟಕದ ಓದುಗರು ಇಲ್ಲಿ ಒಂದು ತಪ್ಪು ಊಹೆ ಮಾಡುವ ಸಾಧ್ಯತೆಯಿದೆ. ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ರಂಗನತಿಟ್ಟಿನ ನಡುಗಡ್ಡೆಗಳು ಮುಳುಗಿ, ತಗ್ಗಿನ ಗೂಡುಗಳು ಕೊಚ್ಚಿಹೋಗುವುದನ್ನು ನಾವು ನೋಡಿದ್ದೇವೆ. ಎವರ್‌ಗ್ಲೇಡ್ಸ್‌ನಲ್ಲಿ ನೀರು ಗೂಡಿನವರೆಗೆ ಏರುವುದಿಲ್ಲ. ಕೆಲವೇ ಸೆಂಟಿಮೀಟರ್ ಏರಿದರೂ ಗುಂಡಿಯಲ್ಲಿ ಒತ್ತೊತ್ತಾಗಿದ್ದ ಮೀನುಗಳು ಬಯಲಿಗೆ ಹರಡಿಬಿಡುತ್ತವೆ. ಗೂಡು ಒಣಗಿಯೇ ಇದೆ, ಊಟ ಮಾತ್ರ ಇಲ್ಲವಾಗಿದೆ. ತಡಕಿ ಹಿಡಿಯುವ ಕೊಕ್ಕರೆ ಮತ್ತು ಬಾಗಿದ ಕೊಕ್ಕಿನ ಬಿಳಿ ಐಬಿಸ್ ಹಕ್ಕಿ ಮೊದಲು ಗೂಡು ಬಿಡುತ್ತವೆ. ಕಣ್ಣಿನಿಂದ ಬೇಟೆಯಾಡುವ ದೊಡ್ಡ ಬೆಳ್ಳಕ್ಕಿ ಇನ್ನಷ್ಟು ಕಾಲ ತಡೆದುಕೊಳ್ಳುತ್ತದೆ. ಐಬಿಸ್ ಹೋಗಿ ಬೆಳ್ಳಕ್ಕಿ ಉಳಿದಿದ್ದರೆ ಅದೇ ಒಂದು ಸುಳಿವು.

ಏರಿಕೆ ಖಚಿತವಾದ ಮೇಲೆ ಅದು ಮಳೆಯದೋ ಗೇಟಿನದೋ ನೋಡಬೇಕು. ಮೇವಿನ ವಲಯದ ಮಳೆ ದಾಖಲೆಯನ್ನೂ ಮೇಲ್ಭಾಗದ ಗೇಟುಗಳ ತೆರೆದ-ಮುಚ್ಚಿದ ದಾಖಲೆಯನ್ನೂ ನೀರಿನ ಮಟ್ಟ ತೋರಿಸುವ ರೇಖೆಯ ಕೆಳಗೆ ಒಂದೇ ದಿನಾಂಕದ ಸಾಲಿನಲ್ಲಿ ಇಡಿ. ಮಳೆಯ ಏರಿಕೆ ಬಯಲಿನುದ್ದಕ್ಕೂ ಬಹುತೇಕ ಒಟ್ಟಿಗೇ ಕಾಣಿಸುತ್ತದೆ. ಗೇಟಿನ ನೀರು ಮೇಲಿನ ಮಾಪಕದಲ್ಲಿ ಮೊದಲು, ಕೆಳಗಿನದರಲ್ಲಿ ದಿನಗಳ ನಂತರ ಕಾಣುತ್ತದೆ. ಎಷ್ಟೋ ಸಲ ಎರಡೂ ಸೇರಿರುತ್ತವೆ. ಪೆಸಿಫಿಕ್ ಸಾಗರದ ನೀರು ಬಿಸಿಯಾಗುವ ಎಲ್ ನಿನೊ ಚಳಿಗಾಲಗಳಲ್ಲಿ ಫ್ಲೋರಿಡಾಕ್ಕೆ ಒಣ ಋತುವಿನಲ್ಲೇ ಮಳೆ ಹೆಚ್ಚು. 2016ರ ಜನವರಿಯಲ್ಲಿ ಹಾಗೆ ಸುರಿದ ಮಳೆಗೆ ಕಟ್ಟೆಗಳು ತುಂಬಿ ತುಳುಕಿದವು, ಆ ಋತುವಿನ ಗೂಡುಗಾರಿಕೆ ಕಳಪೆಯಾಯಿತು. ಅಂಥ ವರ್ಷ ಗೇಟಿನವರನ್ನು ಮಾತ್ರ ಹೊಣೆ ಮಾಡುವುದು ನ್ಯಾಯವಲ್ಲ. ಮಳೆಯೇ ಇಲ್ಲದ ವಾರದಲ್ಲಿ ರೇಖೆ ಮೇಲೆದ್ದಿದ್ದರೆ ಮಾತ್ರ ಅವರಲ್ಲಿ ವಿವರ ಕೇಳಲೇಬೇಕು.

ದಿಬ್ಬದ ಸುತ್ತ ನೆಲ ಒಣಗಿದೆ, ಮೊಟ್ಟೆಚಿಪ್ಪು ಚೂರಾಗಿದೆ

ಇದು ಮೇಲಿನದರ ವಿರುದ್ಧ ತುದಿ. ನೀರು ಅತಿ ವೇಗವಾಗಿ ಇಳಿದು ಮರದ ಬುಡ ಒಣಗಿದರೆ ರಕೂನ್ ಎಂಬ ಮರ ಹತ್ತುವ ಸಣ್ಣ ಪ್ರಾಣಿ ನಡೆದುಕೊಂಡೇ ಬರುತ್ತದೆ. ನೀರಿರುವ ತನಕ ಅಲ್ಲಿ ಅಲಿಗೇಟರ್ ಮೊಸಳೆ ಇರುತ್ತದೆ. ರಕೂನ್ ಈಜಲು ಹೆದರುವುದು ಅದಕ್ಕೇ. ಕೆಳಗೆ ಬಿದ್ದ ಹಕ್ಕಿಮರಿ ಮೊಸಳೆಗೆ, ಮೊಸಳೆಯ ಕಾವಲು ಹಕ್ಕಿಗೆ. ಅನ್ಯದೇಶದಿಂದ ಬಂದು ನೆಲೆಯೂರಿದ ಬರ್ಮೀಸ್ ಹೆಬ್ಬಾವಿಗೆ ಈ ಕಾವಲಿನಿಂದ ತಡೆಯಿಲ್ಲ, ಅದು ನೀರಿನಲ್ಲೇ ಬರುತ್ತದೆ. ಗೂಡುತಾಣಗಳ ಕ್ಯಾಮೆರಾಗಳಲ್ಲಿ ಅದು ಸಿಕ್ಕಿದೆ. ಚಿಪ್ಪಿನ ಚೂರು, ಕಿತ್ತ ಗರಿ ಇದ್ದರೆ ಬುಡದ ಆಳದ ದಾಖಲೆ ತೆಗೆಯಿರಿ. ಬುಡ ಒಣಗಿದ ದಿನವೂ ಚಿಪ್ಪು ಕಂಡ ದಿನವೂ ಹೊಂದಿಕೊಂಡರೆ ಅನುಮಾನ ರಕೂನ್ ಮೇಲೆ. ನೀರು ನಿಂತಿದ್ದಾಗಲೇ ಗೂಡು ಬರಿದಾಗಿ, ಚಿಪ್ಪೂ ಸಿಗದಿದ್ದರೆ ಕ್ಯಾಮೆರಾ ಕಟ್ಟಿಸುವುದು ಒಳ್ಳೆಯದು.

ನೀರು ಚೆನ್ನಾಗಿಯೇ ಇಳಿಯಿತು, ಆದರೂ ಹಕ್ಕಿಗಳು ಕಡಿಮೆ

ಈ ಪ್ರಕರಣವೇ ಕಷ್ಟದ್ದು. ಇಳಿಯುವ ನೀರು ಮೀನನ್ನು ಒಟ್ಟುಗೂಡಿಸಬಲ್ಲದು, ಇಲ್ಲದ ಮೀನನ್ನು ಹುಟ್ಟಿಸಲಾರದು. ಹಾಗಾಗಿ ಹಿಂದಿನ ವರ್ಷದ, ಕೆಲವೊಮ್ಮೆ ಅದರ ಹಿಂದಿನ ವರ್ಷದ ದಾಖಲೆ ಬೇಕಾಗುತ್ತದೆ. ಇಲ್ಲಿ ಹಕ್ಕಿಯಿಂದ ಹಕ್ಕಿಗೆ ಉತ್ತರ ಬೇರೆ. ಕೊಕ್ಕರೆಗೆ ತುಸು ದೊಡ್ಡ ಮೀನು ಬೇಕು, ಅದು ಬೆಳೆಯಲು ಜವುಗು ದೀರ್ಘಕಾಲ ಒಣಗದೆ ಇರಬೇಕು. ಬಿಳಿ ಐಬಿಸ್‌ಗೆ ಕ್ರೇಫಿಶ್ ಬೇಕು. ಬಿರುಸಾದ ಬರದಲ್ಲಿ ಜವುಗು ಒಣಗಿದರೆ ಮರಿ ಕ್ರೇಫಿಶ್ ತಿನ್ನುವ ಸನ್‌ಫಿಶ್‌ನಂಥ ಮೀನುಗಳು ಸಾಯುತ್ತವೆ. ಬಿಲದಲ್ಲಿ ಉಳಿದ ಕ್ರೇಫಿಶ್ ಮುಂದಿನ ಮಳೆಗೆ ಕಾಟವಿಲ್ಲದೆ ಹೆಚ್ಚುತ್ತದೆ. ಒಂದು ಹಕ್ಕಿಗೆ ಕೆಟ್ಟ ವರ್ಷವೇ ಇನ್ನೊಂದರ ಒಳ್ಳೆಯ ವರ್ಷಕ್ಕೆ ಬುನಾದಿಯಾಗಬಹುದು.

2018 ಇದಕ್ಕೆ ದೊಡ್ಡ ಉದಾಹರಣೆ. 2017ರ ವಸಂತದಲ್ಲಿ ಬರ, ಜೂನ್‌ನಲ್ಲಿ ಭಾರಿ ಮಳೆ, ಸೆಪ್ಟೆಂಬರ್‌ನಲ್ಲಿ ಇರ್ಮಾ ಚಂಡಮಾರುತ. ಆಮೇಲಿನ ಒಣ ಋತುವಿನಲ್ಲಿ ನೀರು ಹದವಾಗಿ ಇಳಿಯಿತು. ಆ ವರ್ಷ ದಕ್ಷಿಣ ಫ್ಲೋರಿಡಾದಲ್ಲಿ 1 ಲಕ್ಷ 38 ಸಾವಿರಕ್ಕೂ ಹೆಚ್ಚು ಗೂಡುಗಳನ್ನು ಎಣಿಸಿದರು. 1940ರ ದಶಕದ ನಂತರ ಅಷ್ಟು ಕಂಡಿರಲಿಲ್ಲ. ಅದರಲ್ಲಿ ಬಹುಪಾಲು ಬಿಳಿ ಐಬಿಸ್‌ನದು. ಆ ಅಂಕಿ ನೋಡಿ ಜವುಗು ದುರಸ್ತಿಯಾಯಿತು ಎಂದು ಸಂಭ್ರಮಿಸಿದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆ ವರ್ಷ ಮಳೆಯ ಕ್ರಮವೇ ಹಳೆಯ ಎವರ್‌ಗ್ಲೇಡ್ಸ್‌ನ ಲಯವನ್ನು ತಂದುಕೊಟ್ಟಿತು. ಸರಿಯಾದ ನೀರು ಕೊಟ್ಟರೆ ಹಕ್ಕಿಗಳು ಇನ್ನೂ ಬರುತ್ತವೆ ಎಂಬ ಭರವಸೆ ಮಾತ್ರ ಅದರಿಂದ ಸಿಕ್ಕಿತು. ಅದೇನೂ ಸಣ್ಣ ಭರವಸೆಯಲ್ಲ.

ಹಿಂದಿನ ವರ್ಷದ ನೀರೂ ಸರಿಯಿದ್ದರೆ ಇನ್ನೆರಡು ಅನುಮಾನಗಳಿವೆ. ಏಷ್ಯಾ ಮೂಲದ ಜವುಗು ಹಾವುಮೀನು ಟೇಲರ್ ಸ್ಲೂ ಎಂಬ ಹರಿವಿಗೆ ನುಗ್ಗಿದ ಮೇಲೆ ಅಲ್ಲಿ ಕ್ರೇಫಿಶ್ ಬಹುತೇಕ ನಿರ್ನಾಮವಾಗಿದೆ. ಬತ್ತಿದಾಗಲೂ ಕೆಸರಿನಲ್ಲಿ ಬದುಕುಳಿಯುವ ಮೀನು ಅದು, ಹಾಗಾಗಿ ಬರವೂ ಅದನ್ನು ಹದ್ದುಬಸ್ತಿನಲ್ಲಿಡುವುದಿಲ್ಲ. ಬಲೆಯ ಮಾದರಿಯಲ್ಲಿ ಈ ಮೀನು ಕಂಡರೆ ನೀರಿನ ರೇಖೆ ಎಷ್ಟು ಸುಂದರವಾಗಿದ್ದರೂ ನಂಬಬೇಡಿ. ಎರಡನೆಯದು ಪಾದರಸ. ಜವುಗಿನ ಮೀನಿನಲ್ಲಿ ಮಿಥೈಲ್ ಪಾದರಸ ಎಂಬ ಅದರ ವಿಷಕಾರಿ ರೂಪ ಸೇರುತ್ತದೆ. ಕಾಡಿನಲ್ಲಿ ಸಿಗುವಷ್ಟೇ ಪ್ರಮಾಣವನ್ನು ಆಹಾರದಲ್ಲಿ ಕೊಟ್ಟು ಸಾಕಿದ ಐಬಿಸ್‌ಗಳಲ್ಲಿ ಗಂಡುಗಂಡು ಜೋಡಿಗಳು ಹೆಚ್ಚಾದದ್ದು, ಮರಿಗಳ ಸಂಖ್ಯೆ ಇಳಿದದ್ದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡಿದೆ. ಗೂಡು ಕಟ್ಟಿಯೂ ಮೊಟ್ಟೆಯಿಡದ ಜೋಡಿಗಳು ಹೆಚ್ಚಿದ್ದರೆ ಮರಿಗಳ ಗರಿ ತೆಗೆದು ಪಾದರಸ ಪರೀಕ್ಷೆ ಮಾಡಿಸಬೇಕು.

ಕರಾವಳಿಯಲ್ಲಿ ಬೇರೆ ಲೆಕ್ಕ

ಫ್ಲೋರಿಡಾ ಕೊಲ್ಲಿಯ ಗುಲಾಬಿ ಚಮಚಕೊಕ್ಕು ಹಕ್ಕಿಗೆ ಮ್ಯಾಂಗ್ರೋವ್ ಜವುಗಿನ ನೀರು ಸುಮಾರು 13 ಸೆಂ.ಮೀ.ಗಿಂತ ಕೆಳಗಿಳಿದರೆ ಮಾತ್ರ ಮೀನು ಒತ್ತೊತ್ತಾಗಿ ಸಿಗುತ್ತದೆ. ಸಮುದ್ರಮಟ್ಟ ಏರಿದ್ದರಿಂದ ಅಲ್ಲಿನ ನೀರು ಅಷ್ಟು ಇಳಿಯುವುದೇ ಅಪರೂಪವಾಗಿದೆ. ಹಕ್ಕಿಗಳು ಒಳನಾಡಿಗೆ ಸರಿಯುತ್ತಿವೆ. ಗೇಟು ತಿರುಗಿಸಿ ಸರಿಪಡಿಸುವ ದೋಷವಲ್ಲ ಇದು. ಕೊಲ್ಲಿಯಲ್ಲಿ ಗೂಡು ಕಡಿಮೆಯಾದರೆ ಒಳನಾಡಿನ ಎಣಿಕೆಯನ್ನು ಪಕ್ಕದಲ್ಲಿಟ್ಟು ನೋಡದೆ ಏನನ್ನೂ ಬರೆಯಬೇಡಿ.

ದುರಸ್ತಿಗೆ ಕೈಹಾಕುವ ಮುನ್ನ

ದೋಷ ಗೊತ್ತಾದ ಮೇಲೆ "ಈ ಗೇಟು ತೆರೆಯಿರಿ, ಆ ಗೇಟು ಮುಚ್ಚಿ" ಎಂದು ಶಿಫಾರಸು ಬರೆಯುವುದು ಸುಲಭ. ಆ ನೀರಿನ ಮೇಲೆ ಬೇರೆ ಯಾರು ಬದುಕುತ್ತಿದ್ದಾರೆ ಎಂದು ಮೊದಲು ನೋಡಿ. ಟಮಿಯಾಮಿ ರಸ್ತೆಯಡಿಯ ಎಸ್-12 ಗೇಟುಗಳು ಮೂರನೇ ಪ್ರದೇಶದ ನೀರನ್ನು ರಾಷ್ಟ್ರೀಯ ಉದ್ಯಾನಕ್ಕೆ ಬಿಡುತ್ತವೆ. ಪಶ್ಚಿಮದ ಗೇಟುಗಳ ಕೆಳಗಿನ ಹುಲ್ಲುಗಾವಲಿನಲ್ಲಿ ಕೇಪ್ ಸೇಬಲ್ ಗುಬ್ಬಿ ನೆಲಕ್ಕೆ ಒತ್ತಿಕೊಂಡು ಗೂಡು ಕಟ್ಟುತ್ತದೆ. ಅದನ್ನು ಉಳಿಸಲು ಆ ಗೇಟುಗಳನ್ನು ತಿಂಗಳುಗಟ್ಟಲೆ ಮುಚ್ಚಿಡುವ ನಿಯಮ ಬಂತು, ನೀರು ಮೇಲ್ಭಾಗದಲ್ಲಿ ನಿಂತಿತು. ಅದೇ ಮೇಲ್ಭಾಗದಲ್ಲಿ ಬಸವನಹುಳು ತಿಂದು ಬದುಕುವ ಗಿಡುಗ ಇದೆ. ನೀರು ಸರಕ್ಕನೆ ಇಳಿಸಿದರೆ ಅದರ ಗೂಡಿಗೆ ಅಪಾಯ.

ಇಂಥ ಇಕ್ಕಟ್ಟು ಸಡಿಲಾಗಬೇಕಾದರೆ ನೀರಿಗೆ ಇನ್ನೊಂದು ದಾರಿ ಬೇಕು. 2013ರಲ್ಲಿ ಮತ್ತು 2019ರಲ್ಲಿ ಟಮಿಯಾಮಿ ರಸ್ತೆಯ ಪೂರ್ವಭಾಗದ ತುಂಡುಗಳನ್ನು ಎತ್ತಿ ಸೇತುವೆ ಮಾಡಿದರು. 2020ರಿಂದ ಹೊಸ ಗೇಟು ನಿರ್ವಹಣಾ ಯೋಜನೆ ಜಾರಿಯಲ್ಲಿದೆ, ನೀರನ್ನು ಹಳೆಯ ಪೂರ್ವದ ಹರಿವಿಗೆ ಹೆಚ್ಚು ಕಳಿಸುವುದು ಅದರ ಉದ್ದೇಶ. ಆದ್ದರಿಂದ 2020ರ ಹಿಂದಿನ ಮತ್ತು ಮುಂದಿನ ವರ್ಷಗಳನ್ನು ಒಂದೇ ಪಟ್ಟಿಯಲ್ಲಿ ಹೋಲಿಸುವಾಗ ಗೇಟಿನ ನಿಯಮ ಬದಲಾದದ್ದನ್ನು ಅಂಚಿನಲ್ಲಿ ಗುರುತು ಹಾಕಿ.

ವರದಿ ಬರೆಯುವಾಗ ಒಂದು ತಾಣಕ್ಕೆ ಇಷ್ಟಿರಲಿ: ಮೊದಲ ಮೊಟ್ಟೆ ಕಂಡ ವಾರ, ತಾಣ ಖಾಲಿಯಾದ ವಾರ, ಮೊದಲು ಬಿಟ್ಟುಹೋದ ಹಕ್ಕಿಯ ಜಾತಿ, ಆ ಎರಡು ವಾರಗಳ ನಡುವೆ ಮೇವಿನ ವಲಯದ ದಿನದಿನದ ಆಳ, ಮಳೆ, ಗೇಟು, ಮತ್ತು ಮರದ ಬುಡದಲ್ಲಿ ನೀರಿತ್ತೇ ಎಂಬ ಒಂದು ಸಾಲು. ಕೊನೆಯ ಆ ಸಾಲನ್ನು ಜನ ಬಿಟ್ಟುಬಿಡುತ್ತಾರೆ. ದಿಬ್ಬಕ್ಕೆ ಹೋದವರು ಅಲ್ಲಿ ನಿಂತಾಗಲೇ ಬರೆದುಕೊಳ್ಳಬೇಕು, ಉಪಗ್ರಹದ ಚಿತ್ರದಲ್ಲಿ ಮರದ ನೆರಳಿನಡಿಯ ನೀರು ಕಾಣುವುದಿಲ್ಲ.